ರೂಲುದೊಣ್ಣೆಗೆ ಬಾರದ ಮೀನು

೨ ಡಿಸೆಂಬರ್ ೧೯೭೯, ಭಾನುವಾರ

ಕೈ ತುರಿಸಿದಾಗಲೆಲ್ಲ ಬರೆಯಬೇಕಂತೆ. ಇದು ಕೋಲಾರದ ಡಾಕ್ಟರ್ ಲಕ್ಷ್ಮೀನಾರಾಯಣನ ಔಷಧಿ. ಲಕ್ಷ್ಮೀನಾರಾಯಣ ಎಂದರೆ ನನ್ನ ಹೆಂಡತಿ ವೆಂಕಟಲಕ್ಷ್ಮಿಯ ಅಣ್ಣ. ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿ ಬಿಚ್ಚುತ್ತಾ, "ಕೃಷ್ಣಮೂರ್ತಿ, ಕೋಪ ಬಂದಾಗ ಕೈಗೆ ಬೇರೆ ಕೆಲಸ ಕೊಡಿ. ಏನಾದ್ರೂ ಬರೀರಿ. ಹಿಂಗೇ ಇದ್ರೆ ಒಂದಿನ ತಲೇಲಿ ನರ ಒಡೆಯತ್ತೆ" ಎಂದು, ಔಷಧದ ಕಂಪನಿಯವರು ಅವನಿಗೆ ಕೊಟ್ಟಿದ್ದ ಈ ದಪ್ಪ ಪುಸ್ತಕ ನನ್ನ ಕೈಗಿಟ್ಟ. ಇಷ್ಟು ವರ್ಷ ಮುಳಬಾಗಿಲಿನ ಮಕ್ಕಳ ಕೈಯಲ್ಲಿ ಇಂಪೊಸಿಷನ್ ಬರೆಸಿದವನು ಈಗ ನಾನೇ ಬರೆಯುವಂತಾಯಿತು.

ಆಗಲಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವವರು ಇಲ್ಲಿ ಯಾರೂ ಇಲ್ಲ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ, ಕದಿರೇಶ ಅಂತ. ಬೆಳಕಿನ ವಕ್ರೀಭವನ ಹೇಳುತ್ತಿದ್ದೆ. ಪ್ರಶ್ನೆ ಕೇಳಿದರೆ ಎದ್ದು ನಿಂತು ಹಲ್ಲು ಕಿರಿದ. ಬಿಟ್ಟೆ ಒಂದು. ಕೆನ್ನೆಗೆಂದು ಬೀಸಿದ್ದು ಸ್ವಲ್ಪ ಹಿಂದಕ್ಕೆ ಬಿತ್ತು. ಎಡಗಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ನೆನೆಯಿತು. ನೆಟ್ಟಗೆ ನಿಂತಿದ್ದರೆ ಕೆನ್ನೆಗೇ ಬೀಳುತ್ತಿತ್ತು, ಮುಖ ತಿರುಗಿಸಿದ್ದು ಅವನ ತಪ್ಪು. ಇಷ್ಟಕ್ಕೆ ನನ್ನನ್ನು ಸಸ್ಪೆಂಡು ಮಾಡಿದ್ದಾರೆ. ವಿಚಾರಣೆ ಮುಗಿಯುವ ತನಕ ಗೇಟು ದಾಟಬಾರದಂತೆ. ಹುಡುಗ ಡೆಸ್ಕಿನ ಮೂಲೆಗೆ ಬಿದ್ದ, ಹಾಗಾಗಿ ರಕ್ತ ಬಂತು ಎಂದು ಹೇಳಿದರೆ ಮುಗಿಯಿತು ಅಂತ ಹೆಡ್‌ಮಾಸ್ತರರು ಕಿವಿಯಲ್ಲಿ ಹೇಳಿದ್ದಾರೆ. ಹಾಗೇ ಹೇಳುತ್ತೇನೆ. ದಂಡಂ ದಶಗುಣಂ. ನಮ್ಮಪ್ಪ ನನಗೆ ಹೊಡೆದ ಏಟುಗಳಿಗೆ ಲೆಕ್ಕವಿಲ್ಲ, ನಾನು ಕೆಟ್ಟೆನೇ?

ಸಸ್ಪೆಂಡಾಗಿ ಮನೆಗೆ ಬಂದ ದಿನ ಊಟದ ತಟ್ಟೆ ಎಸೆದೆ. ಎಸೆದದ್ದು ಗೋಡೆಗೆ. ವೆಂಕಟಲಕ್ಷ್ಮಿ ನಡುವೆ ಬಂದಳು, ಹುಬ್ಬು ಸೀಳಿತು. ಅಣ್ಣನೇ ಬಂದು ಹೊಲಿಗೆ ಹಾಕಿದ. ಹೊಲಿಗೆ ಹಾಕಿಸಿಕೊಂಡು ಕೂತೇ ಹೇಳಿದಳು: "ಇನ್ನೊಂದು ಸಲ ಈ ಮನೇಲಿ ಒಬ್ಬರ ಮೇಲೆ ನಿಮ್ಮ ಕೈ ಎದ್ರೆ, ನಾನು ಸುಂದರಾನ ಕರ್ಕೊಂಡು ಕೋಲಾರಕ್ಕೆ ಹೋಗ್ತೀನಿ. ಆಮೇಲೆ ಕರೆಯೋಕೆ ಬರಬೇಡಿ."

ಅವಳು ಸುಮ್ಮನೆ ಹೆದರಿಸುವವಳಲ್ಲ. ಸುಂದರಾ ನನ್ನ ಒಬ್ಬಳೇ ಮಗಳು, ಹನ್ನೊಂದು ತುಂಬಿದೆ. ನನ್ನ ಅಜ್ಜಿ ಸುಂದರಾಬಾಯಿಯ ಹೆಸರು. ಮಗಳಿಲ್ಲದ ಮನೆಯಲ್ಲಿ ನಾನು ಇರಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

೯ ಡಿಸೆಂಬರ್

ಡಾಕ್ಟರನ ಎರಡನೆಯ ಔಷಧಿ ಗಾಜಿನ ತೊಟ್ಟಿ. ಮೀನು ನೋಡುತ್ತ ಕೂತರೆ ರಕ್ತದೊತ್ತಡ ಇಳಿಯುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಬಂದಿದೆಯಂತೆ. ತೊಟ್ಟಿ ಅವನೇ ಕೊಡಿಸಿದ. ಬೆಂಗಳೂರಿಗೆ ಹೋಗಿ ಶಿವಾಜಿನಗರದ ಒಂದು ಅಂಗಡಿಯಲ್ಲಿ ಮೀನು ಕೊಂಡೆವು.

ಅಂಗಡಿಯ ಸಾಬರು ಮೊದಲು ಕೇಳಿದ್ದು, "ಸಾಕಿದ್ದು ಬೇಕಾ ಸಾಬ್, ಹಿಡಿದಿದ್ದು ಬೇಕಾ?"

"ಏನು ವ್ಯತ್ಯಾಸ?"

"ಇವು ಮದ್ರಾಸ್ ಕಡೆ ಸಿಮೆಂಟ್ ತೊಟ್ಟೀಲಿ ಹುಟ್ಟಿದ್ದು. ಕೈ ನೆರಳು ಕಂಡ್ರೆ ಖಾನಾ ಬಂತು ಅಂತ ಓಡಿ ಬರ್ತವೆ. ಆ ಕಡೆ ಇರೋದು ಹೊಳೇಲಿ ಹಿಡಿದಿದ್ದು. ಚೆಂದಾನೇ. ಮಗರ್ ಕೈ ನೆರಳು ಬಿದ್ರೆ ಗಾಜಿಗೆ ಗುದ್ದಿ ಮೂತಿ ಒಡ್ಕೊಂಡು ಸಾಯ್ತವೆ."

ಯೋಚಿಸುವುದೇನಿದೆ? ಸಾಕಿದ್ದನ್ನೇ ಆರಿಸಿದೆ. ಏಂಜೆಲ್, ಕಪ್ಪು ಮೋಲಿ, ಒಂದಿಷ್ಟು ಗೋಲ್ಡ್ ಫಿಶ್. ಹುಟ್ಟಿದಾಗಿನಿಂದ ಕೈಗೆ ಹೊಂದಿಕೊಂಡ ಜೀವ. ನನ್ನ ತರಗತಿಯ ಮಕ್ಕಳನ್ನೂ ಹೀಗೆ ಯಾರಾದರೂ ತಯಾರು ಮಾಡಿ ಕಳಿಸಿದ್ದರೆ ನನಗೆ ಬಿ.ಪಿ. ಯಾಕೆ ಬರುತ್ತಿತ್ತು?

ಅಮ್ಮ ಏನೆನ್ನುತ್ತಾಳೋ ಎಂಬ ಭಯ ನನಗಿತ್ತು. ನಮ್ಮಮ್ಮ ಜಾನಕಮ್ಮನವರ ಮಡಿ ಎಂದರೆ ಮಠದ ಬೀದಿಯಲ್ಲೇ ಹೆಸರುವಾಸಿ. ಮನೆಯೊಳಗೆ ಮೀನು ಎಂದರೆ ರಂಪ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ತೊಟ್ಟಿಯ ಮುಂದೆ ನಿಂತು, "ದಶಾವತಾರದಲ್ಲಿ ಮೊದಲನೆಯವನೇ ಬಂದಿದ್ದಾನಲ್ಲೋ" ಎಂದು ಕೈ ಮುಗಿದು, ಕಲ್ಯಾಣಿಯ ಮೀನಿಗೆ ಹಾಕುವ ಹಾಗೆ ಒಂದು ಹಿಡಿ ಪುರಿ ಸುರಿದಳು. ಒಂದು ತುಳಸಿ ದಳವನ್ನೂ ಹಾಕಿದಳು. ಸುಂದರಾ ನಕ್ಕಳು. ಈ ಮನೆಯಲ್ಲಿ ಅವಳು ನಕ್ಕು ಬಹಳ ದಿನವಾಗಿತ್ತು.

೨೨ ಡಿಸೆಂಬರ್

ಮೀನಿಗೆ ಕಲಿಸಬಹುದು! ಮೇಷ್ಟರಾದವನಿಗೆ ಇದು ಹೊಳೆಯದಿದ್ದರೆ ಇನ್ನು ಯಾರಿಗೆ ಹೊಳೆಯಬೇಕು. ಮೊದಲು ನನ್ನ ರೂಲುದೊಣ್ಣೆಯಿಂದ ತೊಟ್ಟಿಯ ಅಂಚಿಗೆ ಮೂರು ಸಲ ಕುಟ್ಟುವುದು, ಆಮೇಲೆ ಆಹಾರ. ಹೀಗೇ ದಿನಾ ಮಾಡಿದೆ. ಈಗ ಆಹಾರ ಹಾಕದೆ ಬರೀ ಕುಟ್ಟಿದರೂ ಎಲ್ಲವೂ ಮೇಲೆ ಬಂದು ಸಾಲಾಗಿ ಬಾಯಿ ತೆರೆಯುತ್ತವೆ. ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಬಿ.ಪಿ. ಸ್ವಲ್ಪ ಇಳಿದಿದೆ ಎಂದು ಡಾಕ್ಟರನೂ ಒಪ್ಪಿದ.

ಒಂದು ಗೋಲ್ಡ್ ಫಿಶ್ ಮಾತ್ರ ಸೋಮಾರಿ. ಇವತ್ತು ಎರಡು ಸಲ ಕುಟ್ಟಿದರೂ ಬರಲಿಲ್ಲ. ಮೂರನೆಯ ಸಲ ಜೋರಾಗಿ ಕುಟ್ಟಿದೆ. ಗಾಜು ಒಡೆಯಲಿಲ್ಲ. ಅದು ಅಡ್ಡಬಿದ್ದು ಸುತ್ತಿ ಸುತ್ತಿ ಸಂಜೆಯ ಹೊತ್ತಿಗೆ ಸತ್ತಿತು.

"ಸದ್ದಿಗೆ ಸತ್ತೋಯ್ತಪ್ಪ" ಎಂದಳು ಸುಂದರಾ.

ಹಾಗೆ ಸಾಯುವಂಥದ್ದು ಬದುಕಿ ಮಾಡುವುದಾದರೂ ಏನು. ಯಾರ ಮೇಲೂ ಕೈ ಎತ್ತಿಲ್ಲ, ಅದು ಮುಖ್ಯ. ಹಾಲಿನವಳು ನೀರು ಬೆರೆಸಿದ್ದಕ್ಕೆ ಚೊಂಬು ಬೀದಿಗೆ ಎಸೆದೆ. ಅದು ಕೈ ಎತ್ತಿದ ಹಾಗಲ್ಲ.

೧೦ ಜನವರಿ ೧೯೮೦

ಬೇಜಾರು. ಹೇಳಿದ್ದಕ್ಕೆಲ್ಲ ಬಾಯಿ ತೆರೆಯುವ ಪ್ರಾಣಿಗಳಿಗೆ ಪಾಠ ಹೇಳುವುದರಲ್ಲಿ ಏನು ಹೆಚ್ಚುಗಾರಿಕೆ? ಬಗ್ಗದ್ದನ್ನು ಬಗ್ಗಿಸಿದರೆ ಅದು ವಿದ್ಯೆ. ಕೈ ನೆರಳು ಕಂಡರೆ ಗಾಜಿಗೆ ಗುದ್ದುವ ಮೀನು ನನ್ನ ದೊಣ್ಣೆಯ ಸದ್ದಿಗೆ ಮೇಲೆ ಬಂದರೆ, ವಿಚಾರಣೆಗೆ ಕೂರುವ ಆ ಮಹಾನುಭಾವರನ್ನೇ ಕರೆದು ತೋರಿಸುತ್ತೇನೆ.

ಹಾಗಾಗಿ ಇವತ್ತು ಸಂತೆಯಲ್ಲಿ ಮೀನಿನ ಸಾಲಿಗೆ ಹೋದೆ. ಹುಟ್ಟಿದಾಗಿನಿಂದ ಆ ಕಡೆ ತಲೆ ಹಾಕಿದವನಲ್ಲ. ಮೂಗಿಗೆ ಉತ್ತರೀಯ ಒತ್ತಿಕೊಂಡು, ಯಾರಾದರೂ ಮಠದವರು ಕಂಡಾರೆಂದು ಕಳ್ಳನ ಹಾಗೆ ನಿಂತೆ. ಒಬ್ಬ ತಗಡಿನ ತೊಟ್ಟಿಯಲ್ಲಿ ಜೀವಂತ ಮೀನು ಇಟ್ಟುಕೊಂಡು ಕೂತಿದ್ದ. ಕಪ್ಪಗೆ, ಹಾವಿನ ತಲೆಯವು, ಒಂದರ ಮೇಲೊಂದು ಹೊರಳುತ್ತಿದ್ದವು.

"ಏಂ ಸಾಮಿ, ಬ್ರಾಮಣ್ರು ಈ ಕಡೆ ಬಂದ್ರಿ?"

"ಸಾಕೋಕೆ ಒಂದು ಮರಿ ಬೇಕು."

"ಸಾಕೋಕಾ? ಕೊರಮೀನ್ನಾ?" ಅಕ್ಕಪಕ್ಕದವರೂ ನಕ್ಕರು. "ಇದು ಕೆರೇದು ಸಾಮಿ. ಮಾತು ಕೇಳೋ ಜಾತಿ ಅಲ್ಲ. ಪಕ್ಕದಲ್ಲಿ ಇನ್ನೊಂದನ್ನ ಉಳಿಸಲ್ಲ ಇದು."

ಇದೇ ಬೇಕಾದ್ದು ಎಂದೆ. ಅವನು ಅಂಗೈ ಉದ್ದದ ಒಂದನ್ನು ಹಿಡಿದು ಮಡಕೆಗೆ ಬಿಟ್ಟ. ಆಮೇಲೆ ನನ್ನ ಮುಖವನ್ನೇ ನೋಡಿದ. "ನೀವು ಕಿಟ್ಟಮೂರ್ತಿ ಮೇಷ್ಟ್ರಲ್ವಾ? ನಾನು ಮುನಿಶಾಮಿ. ಕದಿರೇಶನ ನಾಯನ."

ಆ ಹುಡುಗನ ಅಪ್ಪ. ಅವನು ಇನ್ನೊಂದು ದೊಡ್ಡ ಮೀನು ಎತ್ತಿ ಮರದ ತುಂಡಿನ ಮೇಲಿಟ್ಟು ಮಚ್ಚಿನಿಂದ ಒಂದೇ ಏಟಿಗೆ ತಲೆ ತೆಗೆದ. ತಲೆ ಬೇರೆಯಾದ ಮೇಲೂ ಬಾಯಿ ತೆರೆದು ಮುಚ್ಚುತ್ತಿತ್ತು. ನೆತ್ತರು ನನ್ನ ಪಂಚೆಗೆ ಹಾರಿತು.

"ನಿಮ್ಮ ಸ್ಕೂಲಿನ ಗೇಟು ತಾವ ಇದೇ ಮಚ್ಚು ಇಟ್ಕೊಂಡು ಎರಡು ದಿನ ನಿಂತಿದ್ದೆ ಸಾಮಿ. ನೀವು ಬರಲಿಲ್ಲ. ಆಮೇಲೆ ನಮ್ಮವಳು ಕಾಲು ಹಿಡ್ಕೊಂಡು ಬಿಟ್ಳು." ಎಂದ. ಮಚ್ಚನ್ನು ಗೋಣಿಗೆ ಒರೆಸಿದ. "ತಗೊಂಡ್ ಹೋಗಿ. ದುಡ್ಡು ಬೇಡ."

ದುಡ್ಡು ಅಲ್ಲೇ ಇಟ್ಟು ಬಂದೆ. ದಾರಿಯುದ್ದಕ್ಕೂ ಮಡಕೆಯ ನೀರು ಪಂಚೆಗೆ ತುಳುಕುತ್ತಿತ್ತು. ಜನವರಿಯ ಚಳಿ ಈ ಸಲ ಜೋರು.

೧೭ ಜನವರಿ

ಕೊರಮೀನನ್ನು ಮೊದಲ ದಿನ ತೊಟ್ಟಿಗೇ ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಏಂಜೆಲ್‌ಗಳ ರೆಕ್ಕೆಗಳು ಮಾತ್ರ ತೇಲುತ್ತಿದ್ದವು. ಒಂದು ಮೋಲಿಗೆ ಹಿಂಭಾಗವೇ ಇರಲಿಲ್ಲ, ಆದರೂ ಕಿವಿರು ಆಡಿಸುತ್ತಿತ್ತು. ಸುಂದರಾ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿ ವಾಂತಿ ಮಾಡಿದಳು. ನನಗೇನೋ ಕಣ್ಣು ತೆಗೆಯಲಾಗಲಿಲ್ಲ. ಎಷ್ಟು ಚೊಕ್ಕಟ ಕೆಲಸ.

ಅದನ್ನು ಈಗ ಬೇಕರಿಯವರ ದೊಡ್ಡ ಗಾಜಿನ ಜಾಡಿಗೆ ಹಾಕಿದ್ದೇನೆ. ನೆಗೆಯುತ್ತದೆ, ಹಾಗಾಗಿ ಮೇಲೆ ಮಣೆ ಮುಚ್ಚಿದೆ. ಪುರಿ ಮುಟ್ಟುವುದಿಲ್ಲ, ಅನ್ನ ಮುಟ್ಟುವುದಿಲ್ಲ. ಎರೆಹುಳು ಒಳಗೆ ತಂದರೆ ತಾನು ಮಠದ ಛತ್ರಕ್ಕೆ ಹೋಗಿಬಿಡುತ್ತೇನೆ ಎಂದು ಅಮ್ಮ ಹೇಳಿಬಿಟ್ಟಿದ್ದಾಳೆ. ಜಾಡಿಯನ್ನು ಹಿತ್ತಲ ಬಚ್ಚಲಿನ ಪಕ್ಕಕ್ಕೆ ತಳ್ಳಿದ್ದಾಳೆ. ಮತ್ಸ್ಯಾವತಾರದಲ್ಲೂ ಮಡಿ, ಮೈಲಿಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅದರ ಊಟಕ್ಕೆ ಒಂದು ದಾರಿ ಕಂಡೆ. ರೂಲುದೊಣ್ಣೆಗೆ ಕೊನೆಯಲ್ಲಿ ಬರುವ ಮೀನನ್ನು ಬಟ್ಟಲಿನಲ್ಲಿ ಎತ್ತಿ ಜಾಡಿಗೆ ಹಾಕುವುದು. ತೊಟ್ಟಿಯಲ್ಲಿ ಶಿಸ್ತು, ಜಾಡಿಗೆ ಊಟ. ಒಂದು ಕಲ್ಲಿಗೆ ಎರಡು ಹಕ್ಕಿ.

"ಅಪ್ಪ, ಅದು ಕೊನೇಗೆ ಬಂದಿದ್ದು ರೆಕ್ಕೆ ಹರಿದಿತ್ತು ಅಂತ" ಎಂದಳು ಸುಂದರಾ.

"ಕಾರಣ ಹೇಳೋರೆಲ್ಲ ಕೊನೇಗೇ ಬರೋದು" ಎಂದೆ.

ಜಾಡಿಯೊಳಗೆ ಆ ಗೋಲ್ಡ್ ಫಿಶ್ ಹೆದರಲೇ ಇಲ್ಲ. ಮೇಲೆ ನನ್ನ ಕೈ ಕಂಡು ಊಟ ಬಂತೆಂದು ಬಾಯಿ ತೆರೆದುಕೊಂಡು ಬಂತು. ಕೆಳಗಿನಿಂದ ಕೊರಮೀನು ಬಂದು ಅದನ್ನು ನಡುವಿಗೆ ಹಿಡಿಯಿತು.

೨೮ ಜನವರಿ

ಕೊರಮೀನು ದೊಣ್ಣೆಗೆ ಬರುವುದಿಲ್ಲ. ಕುಟ್ಟಿದರೆ ಗಾಜಿಗೆ ಗುದ್ದುತ್ತದೆ. ಜೋರಾಗಿ ಕುಟ್ಟಿದರೆ ಜೋರಾಗಿ ಗುದ್ದುತ್ತದೆ. ನಾನೂ ಬಿಡುವವನಲ್ಲ.

ಪಕ್ಕದ ಮನೆಯ ಮುತ್ಯಾಲಮ್ಮ ದೂರು ತಂದಿದ್ದಳು. ಸುಂದರಾ ಅವಳ ಮೊಮ್ಮಗಳನ್ನು ಕೂರಿಸಿಕೊಂಡು ಮೇಷ್ಟ್ರ ಆಟ ಆಡುತ್ತಾ ಮಗ್ಗಿ ತಪ್ಪಿದ್ದಕ್ಕೆ ನನ್ನ ದೊಣ್ಣೆಯಿಂದಲೇ ಬೆರಳ ಗೆಣ್ಣಿಗೆ ಹೊಡೆದಿದ್ದಾಳಂತೆ. ಮಗುವಿನ ಬೆರಳು ಬಾತುಕೊಂಡಿತ್ತು. "ನೀ ಕೂತುರು ನೀ ಮಾದಿರೇ ತಯಾರಾಗ್ತಾವಳೆ ಮೇಷ್ಟ್ರೇ" ಎಂದು ಬೈದು ಹೋದಳು. ನೂಲಿನಂತೆ ಸೀರೆ, ತಂದೆಯಂತೆ ಮಗಳು ಎಂದು ನಾನು ನಕ್ಕೆ. ವೆಂಕಟಲಕ್ಷ್ಮಿ ನಗಲಿಲ್ಲ. ಅವಳು ದೊಣ್ಣೆಯನ್ನು ತೆಗೆದುಕೊಂಡು ಹೋಗಿ ಒಲೆಯ ಹತ್ತಿರ ಸೌದೆಯ ಜೊತೆ ಇಟ್ಟಳು. ನಾನು ಹೋಗಿ ತಂದೆ.

೬ ಫೆಬ್ರವರಿ

"ಅಪ್ಪ, ಇವತ್ತು ಯಾರಿಗೆ ಶಿಕ್ಷೆ?" ಎಂದು ಸುಂದರಾ ಬೆಳಿಗ್ಗೆ ಕೇಳಿದಳು. ಕಾಫಿಗೆ ಸಕ್ಕರೆ ಬೇಕಾ ಎಂದು ಕೇಳುವ ಹಾಗೆ. ಅಳುವುದು, ವಾಂತಿ, ಎಲ್ಲ ನಿಂತಿದೆ. ಒಳ್ಳೆಯದೇ. ಆದರೂ ಆ ಮಾತು ಕೇಳಿ ನನಗೆ ಕಾಫಿ ಸೇರಲಿಲ್ಲ. ಹಾಲು ಹುಳಿ ಬಂದಿತ್ತೇನೋ.

ತೊಟ್ಟಿಯಲ್ಲಿ ನಾಲ್ಕೇ ಉಳಿದಿವೆ. ಕುಟ್ಟಿದ ತಕ್ಷಣ ನಾಲ್ಕೂ ಒಟ್ಟಿಗೆ ಬರುತ್ತವೆ. ಕೊನೆಯದು ಯಾವುದೆಂದು ಹೇಳಲಾಗುವುದಿಲ್ಲ. ಇವತ್ತು ಯಾವುದನ್ನೂ ಹಾಕಲಿಲ್ಲ.

೧೬ ಫೆಬ್ರವರಿ, ಶನಿವಾರ

ಕೈ ತುರಿಸುತ್ತಿಲ್ಲ. ಉರಿಯುತ್ತಿದೆ. ಬರೆಯಬೇಕು.

ಇವತ್ತು ಸೂರ್ಯಗ್ರಹಣ. ನಮ್ಮ ಊರಿಗೆ ಪೂರ್ಣ ಇಲ್ಲ, ಆದರೂ ಬಹುಪಾಲು ಮುಚ್ಚುವಂಥದ್ದು. ಕರ್ಫ್ಯೂ ಹಾಕಿದ ಹಾಗೆ ಪೇಟೆ ಮುಚ್ಚಿತ್ತು. ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ. ಅಮ್ಮ ಸುಂದರಾಳ ಕೈಗೆ ದರ್ಭೆಯ ಕಟ್ಟು ಕೊಟ್ಟು, ನೀರಿರುವ ಪಾತ್ರೆಗೆಲ್ಲ ಒಂದೊಂದು ಎಳೆ ಹಾಕು ಎಂದಿದ್ದಳು. ನಾನು ರಟ್ಟಿಗೆ ಸೂಜಿತೂತು ಮಾಡಿಕೊಂಡು ತಾರಸಿಗೆ ಹೋದೆ. ಬೇವಿನ ಮರದ ಕೆಳಗೆಲ್ಲ ಕುಡುಗೋಲಿನ ಆಕಾರದ ಬಿಸಿಲು ಚೆಲ್ಲಿತ್ತು. ಪಾಠ ಹೇಳಲು ಎಂಥ ದಿನ! ನೋಡಲು ಒಬ್ಬ ಹುಡುಗನೂ ಇರಲಿಲ್ಲ.

ಮೋಕ್ಷವಾಗಿ ಐದು ಗಂಟೆಗೆ ಕೆಳಗೆ ಬಂದರೆ ನಡುಮನೆಯ ತುಂಬ ನೀರು. ದರ್ಭೆ ಬೀಳದ ನೀರನ್ನೆಲ್ಲ ಚೆಲ್ಲುತ್ತಿದ್ದರು. ದರ್ಭೆ ಕೊಡ, ಹಂಡೆ, ಉಪ್ಪಿನಕಾಯಿ ಜಾಡಿಗಳವರೆಗೆ ಬಂದು ಮುಗಿದುಹೋಗಿತ್ತು. ತೊಟ್ಟಿಗೆ ಎಳೆ ಬಿದ್ದಿರಲಿಲ್ಲ. ದರ್ಭೆ ಹಾಕದ ನೀರು ಗ್ರಹಣ ಕಳೆದ ಮೇಲೆ ಮನೆಯಲ್ಲಿರಬಾರದು ಎಂದು ಅಮ್ಮ ಹೇಳಿದಳಂತೆ. ತೊಟ್ಟಿಯ ನೀರನ್ನೂ ಚೆಲ್ಲಿ, ಬೀದಿ ನಲ್ಲಿಯ ಹೊಸ ನೀರು ಹಿಡಿದು ತುಂಬಿದ್ದಾರೆ. ಅದರ ಬ್ಲೀಚಿಂಗ್ ಪುಡಿಯ ವಾಸನೆ ಬಾಗಿಲಿಗೇ ಬಡಿಯುತ್ತಿತ್ತು. ನಾಲ್ಕು ಮೀನೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬಾಯಿ ತೆರೆದೇ ಇತ್ತು.

ದೊಣ್ಣೆಯಿಂದ ಅಂಚಿಗೆ ಕುಟ್ಟಿದೆ. ಯಾಕೆ ಕುಟ್ಟಿದೆನೋ.

ಆಗ ಸುಂದರಾ ಹಿತ್ತಲಿನಿಂದ ಬಂದಳು. ಲಂಗ ಒದ್ದೆ, ಮೊಣಕೈವರೆಗೆ ಕೆಸರು, ಎರಡೂ ಕೈಯಲ್ಲಿ ಕೊರಮೀನನ್ನು ಅಮುಕಿ ಹಿಡಿದಿದ್ದಳು. ಜಾಡಿ ಬಗ್ಗಿಸುವಾಗ ಅದು ಜಾರಿ ಬಚ್ಚಲು ಮೋರಿಗೆ ಹೋಗಿತ್ತಂತೆ. ಮೋರಿಗೆ ಕೈ ಹಾಕಿ ಹಿಡಿದಿದ್ದಾಳೆ. ಬೆರಳು ಕಚ್ಚಿಸಿಕೊಂಡಿದ್ದಾಳೆ. "ಅಪ್ಪ, ಇದು ಬದುಕಿದೆ! ಕೆರೇದು ಬದುಕಿದೆ ನೋಡು!" ಎಂದು ಓಡಿ ಬಂದಳು.

ಕೈ ಎದ್ದಿತು.

ದೊಣ್ಣೆ ಕೈಯಲ್ಲಿತ್ತು ಎನ್ನುವುದು ಆಮೇಲೆ ನೆನಪಾಯಿತು. ಮೊದಲನೆಯದು ಭುಜಕ್ಕೆ ಬಿತ್ತು. ಎರಡನೆಯದು ತಲೆಗೆ. ಅವಳು ಕೂಗಲಿಲ್ಲ. ಮೀನು ಕೈ ಜಾರಿ ನೆಲಕ್ಕೆ ಬಿದ್ದು ಅವಳ ಕಾಲ ಬಳಿ ಒದ್ದಾಡಿತು. ಅವಳೂ ಅದರ ಪಕ್ಕ ಕೂತುಬಿಟ್ಟಳು. ಬೈತಲೆಯಿಂದ ಇಳಿದ ರಕ್ತ ಚೆಲ್ಲಿದ ನೀರಿನಲ್ಲಿ ಹರಡಿತು. ಕಿವಿಯಿಂದ ಬಂದದ್ದಲ್ಲ. ಬಗ್ಗಿ ನೋಡಿದೆ.

ಚೆಲ್ಲು ಎಂದದ್ದು ಅಮ್ಮ. ಅಮ್ಮನಿಗೆ ಹೊಡೆಯಲಾಗುತ್ತದೆಯೇ? ಅಮ್ಮ ಮಡಿಸೀರೆ ಎತ್ತಿಕೊಂಡು ದೇವರ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಸಾಕು ಬಿಡೋ, ಹೆಣ್ಣು ಹುಡುಗಿ" ಎಂದಳು. ಅಪ್ಪ ನನಗೆ ಹೊಡೆಯುವಾಗಲೂ ಅವಳು ಅಲ್ಲಿಯೇ ನಿಂತು "ಸಾಕು ಬಿಡಿ" ಎನ್ನುತ್ತಿದ್ದಳು.

ವೆಂಕಟಲಕ್ಷ್ಮಿ ಸೆರಗು ಹರಿದು ಮಗಳ ತಲೆಗೆ ಕಟ್ಟಿದಳು. ಸುಂದರಾ ಹೇಳಿದ್ದು ಒಂದೇ: "ಅಮ್ಮ, ಅದನ್ನ ಬಕೆಟ್ಟಿಗೆ ಹಾಕು, ಸಾಯತ್ತೆ."

೧೭ ಫೆಬ್ರವರಿ

ಹೋದರು. ಮೊದಲ ಬಸ್ಸಿಗೆ.

೨೬ ಫೆಬ್ರವರಿ

ಅಮ್ಮ ಮಾಡಿದ್ದು ತಿನ್ನುತ್ತೇನೆ. ಅಮ್ಮ ಮಾತಾಡಿದರೆ ಹೂಂ ಎನ್ನುತ್ತೇನೆ. "ಹೆಂಡತಿ ಮಕ್ಕಳನ್ನ ಹದ್ದುಬಸ್ತಿನಲ್ಲಿಡೋಕೆ ನಿಮ್ಮಪ್ಪನಿಗೆ ಗೊತ್ತಿತ್ತು" ಎಂದಳು. ಹೂಂ ಎಂದೆ. ತಟ್ಟೆ ಎಸೆಯಬೇಕೆನಿಸಿತು. ಎಸೆದರೆ ತಗುಲಲು ಅಡ್ಡ ಬರುವವರು ಯಾರಿದ್ದಾರೆ?

ಕೋಲಾರಕ್ಕೆ ಎರಡು ಸಲ ಹೋದೆ. ಲಕ್ಷ್ಮೀನಾರಾಯಣ ಗೇಟಿನ ಹೊರಗೇ ನಿಲ್ಲಿಸಿ, "ನಾಲ್ಕು ಹೊಲಿಗೆ ಹಾಕಿದೀನಿ. ನನ್ನ ತಂಗಿಗೆ ಹಾಕಿದ್ದೂ ನಾನೇ. ಮೂರನೇದಕ್ಕೆ ನನ್ನ ಹತ್ರ ದಾರ ಇಲ್ಲ, ಹೋಗಿ" ಎಂದ. ಅವನ ಕುತ್ತಿಗೆ ಪಟ್ಟಿ ಹಿಡಿದೆ. ಅವನು ನನ್ನ ಎದೆಗೆ ಕೈಯಿಟ್ಟು ನೂಕಿದ. ರಸ್ತೆಯಲ್ಲಿ ಅಂಗಾತ ಬಿದ್ದೆ. ಜಟಕಾದವನು ಲಗಾಮು ಎಳೆಯದಿದ್ದರೆ ತಲೆ ಹೋಗುತ್ತಿತ್ತು. ಕಿಟ್ಟಮೂರ್ತಿ ಮೇಷ್ಟ್ರು ಬೀದಿಯಲ್ಲಿ ಬಿದ್ದದ್ದನ್ನು ನೋಡಿ ಎಳನೀರಿನವನು ನಕ್ಕ. ಮೇಲಕ್ಕೆ ನೋಡಿದರೆ ಕಿಟಕಿಯಲ್ಲಿ ತಲೆಗೆ ಬಿಳಿ ಪಟ್ಟಿ ಕಟ್ಟಿದ ಒಂದು ಮುಖ ಇತ್ತು. ನಾನು ಏಳುವಷ್ಟರಲ್ಲಿ ಇರಲಿಲ್ಲ.

ಕೊರಮೀನು ಉಳಿದಿದೆ. ಅದನ್ನು ದೊಡ್ಡ ತೊಟ್ಟಿಗೆ ಬಿಟ್ಟು ಇಡೀ ದಿನ ಎದುರಿಗೆ ಕೂತೆ. ಅದರ ಮೂತಿಯ ಚರ್ಮ ಎದ್ದುಹೋಗಿ ಕೆಂಪಗೆ ಮಾಂಸ ಕಾಣುತ್ತದೆ. ನಾನು ಕುಟ್ಟಿದ್ದಕ್ಕೆಲ್ಲ ಗುದ್ದಿ ಗುದ್ದಿ ಆಗಿದ್ದು. ಈಗ ದೊಣ್ಣೆ ಇಲ್ಲದಿದ್ದರೂ, ನಾನು ಕುರ್ಚಿಯಿಂದ ಏಳುವಾಗ ನೆರಳು ಬಿದ್ದರೆ ಸಾಕು, ಗುದ್ದುತ್ತದೆ. ಹಾಗಾಗಿ ಕತ್ತಲಾಗುವ ತನಕ ಏಳಲಿಲ್ಲ.

೧ ಮಾರ್ಚ್, ಶನಿವಾರ

ಮೀನನ್ನು ಊರಾಚೆಯ ಕೆರೆಗೆ ತೆಗೆದುಕೊಂಡು ಹೋದೆ. ಅದು ತಿನ್ನುವುದನ್ನು ಬಿಟ್ಟಿತ್ತು. ಮನೆಯಲ್ಲಿ ಸತ್ತರೆ ಅಮ್ಮ ಸೂತಕ ಎಂದು ರಂಪ ತೆಗೆಯುತ್ತಾಳೆ. ಬೇರೆ ಕಾರಣವಿಲ್ಲ.

ಕೆರೆಯ ಏರಿಯ ಕೆಳಗೆ ಒಬ್ಬ ಹುಡುಗ ನನ್ನ ಕಡೆಗೆ ಎಡಮೈ ಮಾಡಿ, ಮೊಣಕಾಲುದ್ದ ನೀರಲ್ಲಿ ಬಲೆ ಬಿಡಿಸುತ್ತಿದ್ದ. ನಿಂತ ರೀತಿ ನೋಡಿಯೇ ಗುರುತು ಹತ್ತಿತು. ಹತ್ತಿರ ಹೋಗಿ "ಕದಿರೇಶ" ಎಂದೆ. ತಿರುಗಲಿಲ್ಲ. ಇನ್ನೂ ಎರಡು ಹೆಜ್ಜೆ ಹೋಗಿ "ಲೇ ಕದಿರೇಶ" ಎಂದೆ. ಬಲೆ ಕೊಡವುತ್ತಲೇ ಇದ್ದ. ಸೊಕ್ಕು ನೋಡು ಎಂದು ಮೈಯೆಲ್ಲ ಉರಿದುಹೋಯಿತು. ಮಡಕೆ ಕೆಳಗಿಟ್ಟೆ. ಬೆನ್ನಿಗೆ ಒಂದು ಬಿಡಬೇಕೆಂದೇ ನೀರಿಗೆ ಇಳಿದೆ.

"ಆ ಕಡೆಯಿಂದ ಕೂಗಿದ್ರೆ ಕೇಳಲ್ಲ ಸಾಮಿ."

ಏರಿಯ ಮೇಲೆ ಮುನಿಶಾಮಿ ನಿಂತಿದ್ದ. ಕೈಯಲ್ಲಿ ಮಚ್ಚಿತ್ತು. ಅದರ ಕಡೆ ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ.

"ಆ ಕಿವಿ ಹೋಯ್ತು. ಈ ಕಡೆಗೆ ಬಂದು ಕೂಗಿ."

ನೀರಿನಲ್ಲಿ ಸುತ್ತಿಕೊಂಡು ಹುಡುಗನ ಬಲಗಡೆಗೆ ಹೋದೆ. ಅಷ್ಟು ದೂರ ಎಂದೂ ನಡೆದಿಲ್ಲ ಎನಿಸಿತು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಮೀನಿನ ಮಡಕೆ ಆ ಬದಿಯಲ್ಲಿ ಇದೆ ಎಂದು ತೋರಿಸಲು ನಾನು ಕೈ ಎತ್ತಿದೆ, ಅಷ್ಟೆ.

ಅವನು ಬಲೆ ಬಿಟ್ಟು, ಎರಡೂ ಅಂಗೈಯನ್ನು ಬಲಗಿವಿಯ ಮೇಲೆ ಒತ್ತಿಕೊಂಡು ನೀರಿನಲ್ಲಿ ಕುಕ್ಕರಿಸಿದ. ಉಳಿದಿರುವ ಕಿವಿ. ಎಡಗಿವಿಯನ್ನು ಹಾಗೇ ಬಿಟ್ಟಿದ್ದ.

ನನ್ನ ಕೈ ಮೇಲೇ ಇತ್ತು. ಅದನ್ನು ಹೇಗೆ ಇಳಿಸುವುದೋ ತಿಳಿಯಲಿಲ್ಲ. ಮುನಿಶಾಮಿ ಇಳಿದು ಬಂದು, ನನ್ನ ಮಣಿಕಟ್ಟು ಹಿಡಿದು ಕೆಳಗೆ ಮಾಡಿದ. ನೋಯುವಂತೆಯೇ ಹಿಡಿದಿದ್ದ. "ಹೊಡೆಯಲ್ಲ ಕಣೋ, ಏಳೋ" ಎಂದ. ಮಗ ಏಳಲಿಲ್ಲ. "ಮನೇಲೂ ಹಿಂಗೇ. ನಾನು ಟವಲ್ ಕೊಡವಿದ್ರೂ ಹಿಂಗೇ ಮಾಡ್ತಾನೆ" ಎಂದು, ನನ್ನ ಮುಖಕ್ಕೆ ಉಗಿದ. ಎಂಜಲು ಕನ್ನಡಕದ ಮೇಲೆ ಬಿತ್ತು. "ಹೋಗಿ ಸಾಮಿ. ಇನ್ನೂ ನಿಂತ್ರೆ ನಾನು ಒಳ್ಳೇವನಲ್ಲ."

ಮಡಕೆ ಬಗ್ಗಿಸಿದೆ. ಮೀನು ಒಂದು ಕ್ಷಣ ಕೆಸರಿನಲ್ಲಿ ಇದ್ದು, ಹೋಯಿತು. ಕನ್ನಡಕವನ್ನು ಒರೆಸಿಕೊಂಡದ್ದು ಮನೆಗೆ ಬಂದ ಮೇಲೆ.

೧೦ ಮಾರ್ಚ್

ವಿಚಾರಣೆ ಆಯಿತು. ಡೆಸ್ಕಿನ ಮೂಲೆಯ ಮಾತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬರಲಿಲ್ಲ. "ನಾನು ಹೊಡೆದೆ" ಎಂದು ಬಂತು. ಹೆಡ್‌ಮಾಸ್ತರರು ಹಣೆ ಚಚ್ಚಿಕೊಂಡರು. ವಯಸ್ಸಾಯಿತು, ಜ್ಞಾಪಕಶಕ್ತಿ ಕಡಿಮೆಯಾಗುತ್ತಿದೆ. ಕೆಲಸ ಉಳಿಯುವುದಿಲ್ಲ.

ನೀರೊಲೆಗೆ ಸೌದೆ ಸಾಲದೆ ಅಮ್ಮ ಕೂಗಿದಳು. ಕೈಗೆ ಸಿಕ್ಕಿದ್ದನ್ನು ಒಲೆಗೆ ತಳ್ಳಿದೆ. ದೊಣ್ಣೆ ಒಳ್ಳೆಯ ಮರದ್ದು, ಬಹಳ ಹೊತ್ತು ಉರಿಯಿತು.

೧೬ ಮಾರ್ಚ್, ಭಾನುವಾರ

ನಾಳೆ ಯುಗಾದಿ. ಕೋಲಾರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಮೀನು ನೇತುಹಾಕಿಕೊಂಡು ಮಾರುತ್ತಿದ್ದ. "ಎಲ್ಲ ಸಾಕಿದ್ದು ಸಾರ್, ಮಕ್ಕಳು ಹೇಳ್ದಂಗೆ ಕೇಳ್ತವೆ" ಎಂದ. ಬೇಡ ಎಂದೆ. ಹಿಡಿದಿದ್ದೂ ಇದೆ ಎಂದ. ಅದೂ ಬೇಡ ಎಂದೆ. ಹಾಗಾದರೆ ಯಾಕ್ರೀ ಇಷ್ಟು ಹೊತ್ತು ನಿಂತ್ರಿ ಎಂದು ರೇಗಿದ.

ಗೇಟು ತೆರೆದೇ ಇತ್ತು. ಲಕ್ಷ್ಮೀನಾರಾಯಣ ಆಸ್ಪತ್ರೆಗೆ ಹೋಗಿದ್ದ. ವೆಂಕಟಲಕ್ಷ್ಮಿ ಬಾಗಿಲಿಗೆ ಬಂದಳು. ಹುಬ್ಬಿನ ಗಾಯ ಬಿಳಿಯ ಗೆರೆಯಾಗಿದೆ.

"ಯಾಕೆ ಬಂದ್ರಿ?"

"ಸುಂದರಾನ ನೋಡಬೇಕು."

"ಅವಳಾಗೇ ಬಂದ್ರೆ ನೋಡಿ. ನೀವು ಕರೀಬೇಡಿ."

ಕರೆಯಲಿಲ್ಲ. ಜಗುಲಿಯ ಮೇಲೆ ಕೂತೆ. ಬಿಸಿಲು ಈ ಕಂಬದಿಂದ ಆ ಕಂಬಕ್ಕೆ ಸರಿಯಿತು. ಆಮೇಲೆ ಸುಂದರಾ ಬಂದಳು. ಹೊಲಿಗೆ ಹಾಕಿದ ಜಾಗದಲ್ಲಿ ಕೂದಲು ಕತ್ತರಿಸಿದ್ದಾರೆ. ಆ ಬದಿಯ ಕಂಬದ ಹಿಂದೆ ನಿಂತಳು. ನಾನು ಎಷ್ಟು ಕೈ ಚಾಚಿದರೂ ಸಿಗದಷ್ಟು ದೂರ. ಅಳೆದು ನಿಂತ ಹಾಗಿತ್ತು.

"ಮೀನು?" ಎಂದಳು.

"ಕೆರೆಗೆ ಬಿಟ್ಟೆ."

"ಮೂತಿ ವಾಸಿ ಆಗಿತ್ತಾ?"

"ಇಲ್ಲ."

"ಮತ್ತೆ ಹೋಯ್ತಾ?"

"ಹೋಯ್ತು. ತಿರುಗಿ ನೋಡಲಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಮುಖವನ್ನಲ್ಲ, ಅದಕ್ಕಿಂತ ಕೆಳಗೆ. "ಅಪ್ಪ, ನಿನ್ನ ಕೈ ಎಲ್ಲಿ?"

ಬಗ್ಗಿ ನೋಡಿಕೊಂಡೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಅವುಗಳ ಮೇಲೆ ಕೂತಿದ್ದೆ. ಯಾವಾಗ ಹಾಗೆ ಕೂತೆನೋ ಗೊತ್ತಿಲ್ಲ. ಎರಡೂ ಜೋಮು ಹಿಡಿದಿದ್ದವು. "ಇಲ್ಲೇ ಇವೆ" ಎಂದು ತೆಗೆಯಲು ಹೋದೆ.

"ಬೇಡ, ಬೇಡ. ಅಲ್ಲೇ ಇರ್ಲಿ" ಎಂದಳು. ಆಮೇಲೆ ಕಂಬ ಬಿಟ್ಟು ಒಂದು ಹೆಜ್ಜೆ ಈಚೆಗೆ ಬಂದು, ಕಾಲು ಇಳಿಬಿಟ್ಟು ಕೂತಳು. ಕೊನೆಯ ಬಸ್ಸಿನ ಹೊತ್ತಾಗುವ ತನಕ ನಾನು ಕೈ ತೆಗೆಯಲಿಲ್ಲ.